ಬರ್ಲಿ ಕಾಕಾ

ಗದಗ ಜಿಲ್ಲೆಯ ಪುರ್ತಗೇರಿಯ ಓಣಿಯಲ್ಲಿ ಗಾಡಿ ಮುಂದಕ್ಕೆ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದೇ ಗಾಡಿ ರಿವರ್ಸ್ ಗೇರಿಗೆ ಬಿದ್ದು ಹಿಂದಕ್ಕೆ ಸರಿಯತೊಡಗಿದರೆ, ಗುಡಿಯ ಕಟ್ಟೆಯಿಂದಲೋ ಚಾದಂಗಡಿಯ ಬೆಂಚಿನಿಂದಲೋ ಒಬ್ಬರು ಟವೆಲ್ ಕೊಡವಿಕೊಂಡು ಏಳುತ್ತಾರೆ. ಅವರನ್ನು ಯಾರೂ ಕರೆದಿರುವುದಿಲ್ಲ. ಗಾಡಿ ಯಾರದು, ಎಲ್ಲಿಗೆ ಹೊರಟಿದೆ, ಹಿಂದಕ್ಕೆ ಯಾಕೆ ಬರುತ್ತಿದೆ ಎಂಬುದೂ ಗೊತ್ತಿರುವುದಿಲ್ಲ. ಅದನ್ನೆಲ್ಲ ಕೇಳಲು ಆಮೇಲೆ ಬೇಕಾದಷ್ಟು ವೇಳೆ ಇದೆ. ಸದ್ಯಕ್ಕೆ ಅವರು ಸೀದಾ ಗಾಡಿಯ ಬೆನ್ನಿಗೆ ಹೋಗಿ, ಡ್ರೈವರನಿಗೆ ಯಾವ ಕನ್ನಡಿಯಲ್ಲೂ ಕಾಣದ ಜಾಗವನ್ನೇ ಆರಿಸಿ ನಿಂತು, ಬಲಗೈ ಎತ್ತಿ, ಬೆರಳುಗಳನ್ನು ತಮ್ಮ ಕಡೆಗೆ ಮಡಚುತ್ತ ಶುರು ಮಾಡುತ್ತಾರೆ: "ಬರ್ಲಿ… ಬರ್ಲಿ… ಸ್ವಲ್ಪ ಎಡಕ್ಕ ಮುರೀರಿ… ಬರ್ಲಿ, ಬರ್ಲಿ, ಚಕ್ಕಡಿ ಹೋಗುವಷ್ಟು ಜಾಗಾ ಐತಿ, ಬರ್ಲಿ…" ಹಿಂದೆ ನಿಲ್ಲಿಸಿದ್ದ ಯಾರದೋ ಕಾರಿನ ಬಂಪರು 'ಟಕ್' ಎಂದ ಮೇಲೆ, ಒಂದು ಉಸಿರಿನಷ್ಟು ತಡವಾಗಿ, ಕೊನೆಯ ಅಪ್ಪಣೆ ಬರುತ್ತದೆ: "ಹಾಂ, ಸಾಕ್ ಸಾಕ್, ಹೋಲ್ಡ್!" ಇವರೇ ಬರ್ಲಿ ಕಾಕಾ. ರೋಣ, ನರಗುಂದ, ಗಜೇಂದ್ರಗಡ, ಎಲ್ಲೇ ಹೋಗಿ, ಓಣಿಗೊಬ್ಬರು ಸಿಗುತ್ತಾರೆ. ಗಾಡಿ ಓಡಿಸುತ್ತಿರುವವಳು ಹೆಣ್ಣುಮಗಳಾದರೆ ಮೂವರು ಒಟ್ಟಿಗೆ ಸಿಗುತ್ತಾರೆ; ಒಬ್ಬರು ಎಡಕ್ಕ, ಒಬ್ಬರು ಬಲಕ್ಕ, ಮೂರನೆಯವರು "ನಿಲ್ರಿ ಯಕ್ಕಾ" ಎನ್ನುತ್ತಾರೆ.

ಆದರೆ ಕಾಕಾ ಅವರ ನಿಜವಾದ ಕಸುಬು ತೊಡಗುವುದು 'ಟಕ್' ಎಂದ ಮೇಲೆ. ಅಲ್ಲಿಯವರೆಗೆ ಅವರು ದಾರಿ ತೋರಿಸುವವರು. ಮರುಗಳಿಗೆ ಸಾಕ್ಷಿ, ಅದರ ಮರುಗಳಿಗೆ ಸರ್ವೇಯರ್. ಬಗ್ಗಿ, ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು, ಗೀರು ಬಿದ್ದ ಜಾಗವನ್ನು ತಿಕ್ಕಿ ನೋಡುತ್ತಾರೆ. ಹೋದರೆ, "ಧೂಳಾ ಅದು." ಹೋಗದಿದ್ದರೆ, "ಇದು ಹಳೇದ ಐತಿ ಬಿಡ್ರಿ." ನೆಗ್ಗು ಕಣ್ಣಿಗೆ ಹೊಡೆಯುವಷ್ಟು ಒಳಹೋಗಿದ್ದರೆ, "ಒಳಗಿಂದ ಒಂದ್ ಗುದ್ದು ಗುದ್ದಿದ್ರ ಹೊರಗ ಬರ್ತೈತಿ." ಈ ತೀರ್ಪು ನೆಗ್ಗಿನ ಆಳಕ್ಕಿಂತ ನಂಬರ್ ಪ್ಲೇಟಿನ ಮೇಲೆ ನಿಂತಿರುತ್ತದೆ. ಕೆಎ 26 ಇದ್ದರೆ ಗದಗ ಜಿಲ್ಲೆಯ ಗಾಡಿ, ನಾಳೆ ಮುಖ ನೋಡಬೇಕಾದ ಮಂದಿ. ತೀರ್ಪಿನಲ್ಲಿ ಸ್ವಲ್ಪ ಕನಿಕರ ಇರುತ್ತದೆ. ಧಾರವಾಡದ 25, ಹುಬ್ಬಳ್ಳಿಯ 63 ಇದ್ದರೆ ಯಾರಾದರೂ ಬೀಗರದಿರಬಹುದೆಂದು ಒಂದು ಕ್ಷಣ ತಡೆಯುತ್ತಾರೆ. ಹಬ್ಬಕ್ಕೋ ಮದುವೆಗೋ ಬಂದ ಬೆಂಗಳೂರಿನ ಗಾಡಿಯಾದರೆ ಯೋಚನೆಯೇ ಇಲ್ಲ: "ಅವ್ರಿಗೇನ್ರಿ, ಇನ್ಸೂರೆನ್ಸ್ ಇರ್ತೈತಿ." ಇಷ್ಟೊತ್ತಿಗೆ ಮುಖ ಬಾಡಿಸಿಕೊಂಡು ಇಳಿದ ಡ್ರೈವರ್ "ಕಾಕಾ, ಈಗೇನ್ ಮಾಡೂಣು?" ಎಂದು ಕೇಳಿರುತ್ತಾನೆ. "ಏನ್ ಮಾಡೂದೈತಿ ತಮ್ಮಾ? ನೀ ಹೊಂಡು. ಅಂವ ಬಂದ್ರ ನಾ ಹೇಳ್ತೀನಿ." ಡ್ರೈವರ್ ಹೊರಡುತ್ತಾನೆ. ಕಾರಿನ ಮಾಲೀಕ ಬಂದಾಗ ಕಾಕಾ ಹೇಳುವುದೂ ಹೇಳುತ್ತಾರೆ: "ಯಾರೋ ಹೊರಗಿನ ಮಂದಿರಿ. ನಾ ಬರೂದ್ರಾಗ ಹ್ವಾದ್ರು."

ಇಂಥವರನ್ನು ನೋಡಿ ನಕ್ಕು ಸುಮ್ಮನಾಗಬಹುದು. ಆದರೆ ಒಂದು ಪ್ರಶ್ನೆಗೆ ಉತ್ತರ ಹುಡುಕಲೇಬೇಕು: ಇವರು ಇನ್ನೂ ಯಾಕೆ ಉಳಿದಿದ್ದಾರೆ? 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಎಲ್ಲ ಕಾರುಗಳಿಗೂ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಬಂಪರಿನಲ್ಲಿ ಬಟನ್ನಿನಂತೆ ಕೂತ ಆ ಸಾಮಾನು ಮನುಷ್ಯನ ಕಿವಿಗೆ ಕೇಳದ ಸದ್ದು ಬಿಟ್ಟು, ಅದು ಮರಳಿ ಬರುವ ವೇಳೆಯಿಂದ ದೂರ ಲೆಕ್ಕ ಹಾಕಿ, ಹತ್ತಿರ ಹೋದಂತೆಲ್ಲ 'ಪೀಂ ಪೀಂ' ಹೆಚ್ಚಿಸುತ್ತದೆ. ಕಾಕಾ ಅವರಿಗಿಂತ ಅದರ ಕಣ್ಣು ಚುರುಕು, ಅದಕ್ಕೆ ಚಹಾ ಬೇಕಿಲ್ಲ, "ಚಕ್ಕಡಿ ಹೋಗುವಷ್ಟು ಜಾಗಾ ಐತಿ" ಎಂದು ಅದು ಎಂದೂ ಹೇಳುವುದಿಲ್ಲ. ಎಷ್ಟೋ ಕಾರುಗಳಲ್ಲಿ ಕ್ಯಾಮೆರಾವೂ ಇದೆ, ಪರದೆಯ ಮೇಲೆ ಹಳದಿ ಕೆಂಪು ಗೆರೆ ಎಳೆದು ತೋರಿಸುತ್ತದೆ. ಇಷ್ಟಿದ್ದರೂ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಾಕಾ ಅವರನ್ನೇ ಹುಡುಕುತ್ತಾನೆ. ಸೆನ್ಸರಿಗೆ ಇರುವ ಕೊರತೆ ಒಂದೇ: ಅದರ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. "ಅದು ಪೀಂ ಅಂತು, ನಾನು ಕೇಳಲಿಲ್ಲ" ಎಂದರೆ ತಪ್ಪು ತನ್ನ ಮೇಲೆಯೇ ಬಂತು. "ಕಾಕಾ ಬರ್ಲಿ ಅಂದ್ರು, ಬಂದೆ" ಎಂದರೆ ತಪ್ಪು ಅರ್ಧ ಇಳಿಯಿತು. ನಾವು ಕಾಕಾ ಅವರನ್ನು ಸಾಕಿಕೊಂಡಿರುವುದು ದಾರಿ ತೋರಿಸಲೆಂದಲ್ಲ, ತಪ್ಪಿನಲ್ಲಿ ಪಾಲು ತೆಗೆದುಕೊಳ್ಳಲೆಂದು. ಅವರೋ ಆ ಪಾಲನ್ನು ತೆಗೆದುಕೊಂಡಂತೆ ಮಾಡಿ ಗಾಳಿಗೆ ತೂರಿಬಿಡುತ್ತಾರೆ. ಅರ್ಧ ಡ್ರೈವರನದು, ಅರ್ಧ ಕಾಕಾ ಅವರದು ಎಂದು ಹೊರಟ ತಪ್ಪು ಮಾಲೀಕ ಬರುವ ಹೊತ್ತಿಗೆ ಯಾರದೂ ಅಲ್ಲ ಎಂಬಲ್ಲಿಗೆ ಬಂದು ನಿಂತಿರುತ್ತದೆ. ನಿಂತ ಕಾರಿಗೆ ಮೆಲ್ಲಗೆ ತಾಗಿಸಿದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಹೀಗಾಗಿ ಮೊದಲ ಉತ್ತರ: ಕಾಕಾ ಅವರ ಪಾಲನ್ನು ಅವರಿಂದ ಮರಳಿ ಪಡೆಯಬೇಕು.

ಕಾನೂನಿನ ಕಣ್ಣಿಗೆ ಕಾಕಾ ಕಾಣುವುದೇ ಇಲ್ಲ. 1989ರ ರಸ್ತೆ ನಿಯಮಗಳಲ್ಲೇ ಇದು ನಿಕ್ಕಿಯಾಗಿತ್ತು: ಇತರರಿಗೆ ಅಪಾಯವಾಗಲಿ ತೊಂದರೆಯಾಗಲಿ ಆಗುವುದಿಲ್ಲವೆಂದು ಚಾಲಕ ತಾನೇ ಖಾತರಿ ಮಾಡಿಕೊಳ್ಳದೆ ವಾಹನವನ್ನು ಹಿಂದಕ್ಕೆ ಓಡಿಸಬಾರದು, ಅಗತ್ಯಕ್ಕಿಂತ ಹೆಚ್ಚು ದೂರ ಓಡಿಸಲೂಬಾರದು. ಖಾತರಿ ಮಾಡಿಕೊಳ್ಳಬೇಕಾದವನು ಸ್ಟಿಯರಿಂಗ್ ಹಿಡಿದವನು. ಕಟ್ಟೆಯಿಂದ ಎದ್ದು ಬಂದವರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಅಪಘಾತವೆಂದರೆ ರಕ್ತ ಹರಿಯಲೇಬೇಕು ಎಂದು ನಾವು ತಿಳಿದಿದ್ದೇವೆ. ಕಲಮು ಹಾಗೆ ತಿಳಿದಿಲ್ಲ. ಇನ್ನೊಬ್ಬರ ಆಸ್ತಿಗೆ ಹಾನಿಯಾದರೂ ಅದು ಅನ್ವಯಿಸುತ್ತದೆ, ಕಾರಿನ ಬಂಪರೂ ಆಸ್ತಿಯೇ. ಸ್ಥಳದಲ್ಲಿ ಪೊಲೀಸರಿದ್ದರೆ ಅವರು ಕೇಳಿದ ವಿವರ ಕೊಡಬೇಕು. ಇಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ತನ್ನ ವಿಮಾ ಕಂಪನಿಗೂ ಬರೆದು ತಿಳಿಸಬೇಕು. ತಪ್ಪಿದರೆ 187ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ. 2019ರ ತಿದ್ದುಪಡಿಗೆ ಮೊದಲು ಈ ದಂಡ 500 ಇತ್ತು. ಈ ಎಲ್ಲ ಹೊಣೆ ಯಾರಿಗೆ? ಚಾಲಕನಿಗೆ, ಅಥವಾ ವಾಹನ ಯಾರ ವಶದಲ್ಲಿದೆಯೋ ಅವರಿಗೆ. ಚಾಲಕನ ಹೆಸರು, ಲೈಸನ್ಸಿನ ವಿವರ, ಪಾಲಿಸಿ ನಂಬರು, ದಿನ, ವೇಳೆ, ಜಾಗ, ಎಲ್ಲಕ್ಕೂ ವಿಮಾ ಕಂಪನಿಗೆ ಬರೆಯುವ ಕಾಗದದಲ್ಲಿ ಸ್ಥಾನವಿದೆ. "ಬರ್ಲಿ ಎಂದವರ ಹೆಸರು" ಎಂಬ ಕಾಲಂ ಮಾತ್ರ ಎಲ್ಲೂ ಇಲ್ಲ. ಮೆಲ್ಲಗೆ ಹಿಂದೆ ಬರುವಾಗ ತಾಗಿಸಿದ್ದಕ್ಕಿಂತ, ತಾಗಿಸಿ ಹೇಳದೆ ಹೋದದ್ದರ ಮೇಲೆ ಈ ಕಲಮಿಗೆ ಸಿಟ್ಟು ಎಂಬುದನ್ನು ಗಮನಿಸಬೇಕು. ಕಾಕಾ ಅವರ ಸಲಹೆ "ನೀ ಹೊಂಡು" ಎಂಬುದೇ ಆಗಿರುವುದರಿಂದ, ಡ್ರೈವರನಿಗೆ ಕಾನೂನಿನ ಕುತ್ತು ತಂದಿಡುವುದು ಬಂಪರಲ್ಲ, ಆ ಸಲಹೆ.

ಇಲ್ಲಿ ಊರಿನವರು ಒಂದು ನ್ಯಾಯವಾದ ತಕರಾರು ಎತ್ತುತ್ತಾರೆ. "ಸುಗ್ಗಿಯೊಳಗ, ಉಳ್ಳಾಗಡ್ಡಿ ಹೇರಿದ ಟ್ರ್ಯಾಲಿ ಜೋಡಿಸಿಕೊಂಡು ಓಣಿಯಾಗ ರಿವರ್ಸ್ ಬರೂದು ನಿಮಗ ಗೊತ್ತೈತೇನು? ಟ್ರ್ಯಾಕ್ಟರ್ ಎಡಕ್ಕ ಮುರಿದ್ರ ಟ್ರ್ಯಾಲಿ ಬಲಕ್ಕ ಹೊಕ್ಕೈತಿ. ಹಿಂದ ಒಬ್ಬ ಮನುಷ್ಯಾ ಬೇಕಽ ಬೇಕು." ಬೇಕು, ಒಪ್ಪಿದೆ. ಹಿಂದೆ ನಿಲ್ಲುವುದು ತಪ್ಪೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಅದು ಒಂದು ವಿದ್ಯೆ, ಬಲ್ಲವರೂ ನಮ್ಮಲ್ಲೇ ಇದ್ದಾರೆ. ವಾಯವ್ಯ ಸಾರಿಗೆಯ ಬಸ್ಸು ಸ್ಟ್ಯಾಂಡಿನಲ್ಲಿ ಹಿಂದಕ್ಕೆ ಬರುವಾಗ ಕಂಡಕ್ಟರ್ ಇಳಿದು ಎಲ್ಲಿ ನಿಲ್ಲುತ್ತಾನೆ ನೋಡಿ: ಬಸ್ಸಿನ ಬೆನ್ನಿಗಲ್ಲ, ಪಕ್ಕಕ್ಕೆ, ಡ್ರೈವರನ ಕನ್ನಡಿಯಲ್ಲಿ ಮುಖ ಕಾಣುವ ಕಡೆ. ಬಾಯಿ ಮಾತಿಲ್ಲ, ಸೀಟಿ. ಸೀಟಿ ನಿಂತರೆ ಬಸ್ಸೂ ನಿಲ್ಲಬೇಕು. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳು ಬಂದದ್ದೂ ಉದ್ದುದ್ದ ಟ್ರೇಲರುಗಳ ಮೇಲೆಯೇ. ಅಂಥ ಸರಕು ತಿರುವು ದಾಟುವಾಗ ಹಿಂದೆ ಮುಂದೆ ನೋಡಿಕೊಳ್ಳುವವರಿಗೆ ಅದೇ ಕೆಲಸ, ಅದಕ್ಕೇ ಪಗಾರ, ಎಡವಟ್ಟಾದರೆ ಜವಾಬೂ ಅವರೇ ಕೊಡಬೇಕು. ಕಂಡಕ್ಟರನಿಗೂ ಬರ್ಲಿ ಕಾಕಾ ಅವರಿಗೂ ಇರುವ ಅಂತರ ಕಣ್ಣಿನದಲ್ಲ, ಕೈಯದಲ್ಲ. ಕಂಡಕ್ಟರ್ ಮೊದಲು 'ನಿಲ್ಲು' ಎನ್ನುವುದನ್ನು ಕಲಿಯುತ್ತಾನೆ. ಕಾಕಾ 'ಬರ್ಲಿ'ಯನ್ನು ಮಾತ್ರ ಕಲಿತಿದ್ದಾರೆ, ಅದರಲ್ಲೇ ಅವರಿಗೆ ಖುಷಿ; ಬರುವ ಗಾಡಿಯನ್ನು ನಿಲ್ಲಿಸಿದರೆ ಆಟ ಮುಗಿದಂತೆ. ಹಿಂದೆ ಮನುಷ್ಯ ಬೇಕಾದರೆ ಡ್ರೈವರ್ ತಾನೇ ಒಬ್ಬರನ್ನು ಕರೆದು, ಕನ್ನಡಿಯಲ್ಲಿ ಕಾಣುವಂತೆ ನಿಲ್ಲಿಸಿಕೊಂಡು, ಅವರು ಕಾಣದಾದ ಕ್ಷಣ ಬ್ರೇಕ್ ಒತ್ತಲಿ. ಬ್ರೇಕು ಅವನ ಕಾಲಡಿಯೇ ಇದೆ.

ಎರಡನೆಯ ತಕರಾರು ಇದಕ್ಕಿಂತ ದೊಡ್ಡದು, ಅದರಲ್ಲಿ ಊರಿನ ಅಭಿಮಾನವೂ ಸೇರಿದೆ. "ನಮ್ಮ ಕಡೆ ಪೊಲೀಸ್, ಕಾಗದ ಅಂತ ಹ್ವಾದ್ರ ಹೆಂಗ? ಹಿರೇರು ಕುಂತು ಬಾಯಿಮಾತಿನ್ಯಾಗ ಬಗೆಹರಸ್ತಾರ." ಹಿರಿಯರು ಕೂತು ಬಗೆಹರಿಸುವುದು ಒಳ್ಳೆಯ ಪದ್ಧತಿ. ಆದರೆ ಈ ನೆಲದ ರಾಜಿಗಳು ಬಾಯಿಮಾತಿನವು ಎಂಬುದಕ್ಕೆ ಇತಿಹಾಸದ ಒಪ್ಪಿಗೆ ಇಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಗೆ ಮುತ್ತಿಗೆ ಹಾಕಿತು. ಅದರಿಂದ ಹೊತ್ತಿದ ಜಗಳ ಮರಾಠರು, ನಿಜಾಮ ಎಲ್ಲರನ್ನೂ ಎಳೆದುಕೊಂಡು ಎರಡು ವರ್ಷ ಉರಿದು, 1787ರಲ್ಲಿ ಬಗೆಹರಿದದ್ದು ಇಲ್ಲೇ, ಪುರ್ತಗೇರಿಯ ಮಗ್ಗುಲಿನ ಗಜೇಂದ್ರಗಡದಲ್ಲಿ. ನಮ್ಮ ಸೀಮೆಯ ಅತ್ಯಂತ ಹೆಸರುವಾಸಿಯಾದ ರಾಜಿ ಪಂಚಾಯ್ತಿ ಅದು. ಆಗ "ಏನ ಆಗಿಲ್ಲ ಬಿಡ್ರಿ, ಹಳೇ ನೆಗ್ಗು ಅದು" ಎಂದು ಯಾರೂ ಎದ್ದು ಹೋಗಲಿಲ್ಲ. ಬಾದಾಮಿ ಯಾರಿಗೆ, ನರಗುಂದ ಯಾರಿಗೆ, ಕಿತ್ತೂರು ಯಾರಿಗೆ, ಬಾಕಿ ಕಪ್ಪದ ಲಕ್ಷಗಟ್ಟಲೆ ರೂಪಾಯಿ ಯಾವಾಗ ಕೊಡಬೇಕು ಎಂಬುದನ್ನೆಲ್ಲ ಒಪ್ಪಂದವಾಗಿ ಬರೆದರು. ಕತ್ತಿ ಹಿರಿದವರೇ ಕಾಗದ ಬೇಕೆಂದರು. ಆಲ್ಟೊ ಕಾರಿನ ಹಿಂದಿನ ದೀಪ ಒಡೆದವನಿಗೆ ಮಾತ್ರ ಕಾಗದವೆಂದರೆ ಅಪಮಾನ. ಇನ್ನು ಊರಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ ಎನ್ನುತ್ತಾರೆ. ನಿಜ, ಗೊತ್ತಿರುತ್ತದೆ. ತಾಗಿಸಿದವನು ಯಾರೆಂಬುದು ಸಂಜೆಯೊಳಗೆ ಅಗಸಿಯಿಂದ ಅಗಸಿಗೆ ಮುಟ್ಟುತ್ತದೆ, ಗಿರ್ಮಿಟ್ ತಿನ್ನುತ್ತ ಅದರ ಮೇಲೆ ಚರ್ಚೆಯೂ ನಡೆಯುತ್ತದೆ. ಗೊತ್ತಿಲ್ಲದವನು ಕಾರಿನ ಮಾಲೀಕ ಒಬ್ಬನೇ. ಅವನಿಗೆ ಹೇಳಬೇಕಾದ ಮಾತನ್ನು ಅವನನ್ನು ಬಿಟ್ಟು ಉಳಿದ ಎಲ್ಲರಿಗೂ ಹೇಳಿ ಮುಗಿಸುವುದೇ ಕಾಕಾ ಅವರ ಬಾಯಿಮಾತಿನ ನ್ಯಾಯ.

ಇನ್ಸೂರೆನ್ಸ್ ಇದೆಯಲ್ಲ ಎಂಬ ಮಾತಿಗೂ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು, ಏಕೆಂದರೆ ಇದು ಕಾಕಾ ಅವರ ಬತ್ತಳಿಕೆಯ ಕೊನೆಯ ಬಾಣ, ಎಷ್ಟೋ ಓದಿದವರಿಗೂ ನಾಟುತ್ತದೆ. ನಿಂತ ಕಾರಿನವನು ತನ್ನದೇ ಪಾಲಿಸಿಯಲ್ಲಿ ದುರಸ್ತಿ ಮಾಡಿಸಿದರೆ ಮೊದಲು ಕಡ್ಡಾಯ ಕಡಿತ. 1500 ಸಿಸಿವರೆಗಿನ ಕಾರಿಗೆ ಅದು 1,000 ರೂಪಾಯಿ. ಅದಕ್ಕಿಂತ ದೊಡ್ಡ ಪೆಟ್ಟು, ನೋ ಕ್ಲೇಮ್ ಬೋನಸ್ ಹೋಗುವುದು. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇ. 20 ರಿಯಾಯಿತಿ, ಹಾಗೇ ಏರುತ್ತ ಐದು ವರ್ಷಕ್ಕೆ ಶೇ. 50. ಐದು ವರ್ಷ ಯಾರಿಗೂ ತಾಗಿಸದೆ ಕಾರು ಓಡಿಸಿದವನು, ಪುರ್ತಗೇರಿಯಲ್ಲಿ ಬೀಗರ ಮನೆಯ ಮುಂದೆ ಅರ್ಧ ತಾಸು ಕಾರು ನಿಲ್ಲಿಸಿದ ತಪ್ಪಿಗೆ ಅದನ್ನು ಕಳೆದುಕೊಂಡು ಮತ್ತೆ ಮೊದಲಿಂದ ಎಣಿಸಬೇಕು. "ಅವ್ರಿಗೇನ್ರಿ" ಎಂಬ ಮಾತಿನ ಬೆಲೆ ಇಷ್ಟು. ತಾಗಿಸಿದವನ ಕಾರಿನ ಮೂರನೇ ವ್ಯಕ್ತಿ ವಿಮೆ ಇನ್ನೊಬ್ಬರ ಆಸ್ತಿಯ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ಹೊಣೆ ಹೊರುತ್ತದೆ, ಬೈಕಿನದಾದರೆ 1 ಲಕ್ಷದವರೆಗೆ. ಆದರೆ ಆ ದುಡ್ಡು ಕೈಗೆ ಬರಬೇಕಾದರೆ ಪೊಲೀಸ್ ದಾಖಲೆ ಬೇಕು, ಅಪಘಾತ ಪರಿಹಾರದ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಒಂದು ಹಿಂದಿನ ದೀಪಕ್ಕಾಗಿ ಅಷ್ಟು ತಿರುಗಾಡುವುದು ಇಬ್ಬರಿಗೂ ಬೇಡ. ಹೀಗಾಗಿ ಸಣ್ಣ ಗೀರಿಗೆ, ಗ್ಯಾರೇಜಿನವನ ಎಸ್ಟಿಮೇಟ್ ನೋಡಿ ಕೈಯಿಂದ ಕೊಟ್ಟು ಮುಗಿಸುವ ಹಳೆಯ ದಾರಿಯೇ ಬೆಸ್ಟ್. ಈ ಒಂದು ವಿಷಯದಲ್ಲಿ ಹಿರಿಯರ ಪಂಚಾಯ್ತಿಗೆ ನನ್ನ ವೋಟು. ಅದಕ್ಕೆ ಮಾಲೀಕ ಯಾರು, ತಾಗಿಸಿದವನು ಯಾರು ಎಂಬುದು ಇಬ್ಬರಿಗೂ ಗೊತ್ತಾಗಬೇಕು, ಅಷ್ಟೇ.

ಕಾರು ನಿಲ್ಲಿಸಿದ್ದೇ ತಪ್ಪು ಜಾಗದಲ್ಲಿ ಎಂಬ ಮಾತನ್ನು ಬೇಗ ಮುಗಿಸೋಣ. ಇತರರಿಗೆ ಅಪಾಯ, ಅಡಚಣೆ ಆಗುವಂತೆ ಗಾಡಿ ನಿಲ್ಲಿಸುವುದನ್ನು ಅದೇ ಮೋಟಾರು ವಾಹನ ಕಾಯ್ದೆಯ 122ನೇ ಕಲಮು ತಡೆಯುತ್ತದೆ. ಓಣಿಯ ತಿರುವಿನಲ್ಲಿ ಕಾರು ಬಿಟ್ಟು ಮದುವೆ ಊಟಕ್ಕೆ ಕೂತವನಿಗೆ ಅದನ್ನು ಹೇಳಲೇಬೇಕು. ಹೇಳುವುದನ್ನು ಎದುರಿಗೆ ನಿಂತು ಹೇಳಲಿ, ಬಂಪರಿನಿಂದಲ್ಲ. ನಿಂತ ಕಾರು ತಾನಾಗಿ ಸರಿದು ತಪ್ಪಿಸಿಕೊಳ್ಳಲಾರದು.

ಹಾಗಾದರೆ ಮಾಡಬೇಕಾದದ್ದು ಏನು? ಗಾಡಿ ನಿಲ್ಲಿಸಬೇಕು, ಇನ್ನಷ್ಟು ಹಿಂದೆ ಮುಂದೆ ಮಾಡಿ ಗೀರಿನ ಮೇಲೆ ಗೀರು ಎಳೆಯಬಾರದು. ಎರಡೂ ಗಾಡಿಗಳ ನಂಬರು, ತಾಗಿದ ಜಾಗ, ಓಣಿ, ಎಲ್ಲ ಸೇರುವಂತೆ ಫೋಟೊ ತೆಗೆಯಬೇಕು, ಅದೂ ಕಾಕಾ ಅವರ ಹೆಬ್ಬೆರಳು ತಲುಪುವ ಮೊದಲೇ. ಆಮೇಲೆ ಮಾಲೀಕನನ್ನು ಹುಡುಕಬೇಕು. ಪುರ್ತಗೇರಿಯಲ್ಲಿ ಇದು ಕಷ್ಟದ ಕೆಲಸವಲ್ಲ. ಹೊರಗಿನ ಕಾರು ಯಾರ ಮನೆಗೆ ಬಂದಿದೆ, ಡಿಕ್ಕಿಯಿಂದ ಏನು ಇಳಿಸಿದರು ಎಂಬುದು ಚಾದಂಗಡಿಗೆ ತಿಳಿದಿರುತ್ತದೆ. ಗಜೇಂದ್ರಗಡದ ಸಂತೆಯಲ್ಲೋ ಕಾಲಕಾಲೇಶ್ವರದ ಜಾತ್ರೆಯಲ್ಲೋ ಆದರೆ ಮೈಕು ಇದೆ. ಕಳೆದುಹೋದ ಮಕ್ಕಳ ಹೆಸರು ಕೂಗುವ ಬಾಯಿ ಒಂದು ಗಾಡಿ ನಂಬರನ್ನೂ ಕೂಗುತ್ತದೆ. ಸರಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ಹೆಸರಿನ ನಡುವಿನ ಅಕ್ಷರಗಳನ್ನು ಮರೆಮಾಡಿಯೇ ತೋರಿಸುತ್ತದೆ, ಫೋನ್ ನಂಬರಂತೂ ಇಲ್ಲ; ಅದನ್ನು ನೆಚ್ಚಿ ಕೂರಬೇಡಿ. ಯಾರೂ ಸಿಗದಿದ್ದರೆ ಹೆಸರು, ಫೋನ್ ನಂಬರು, ಏನಾಯಿತು ಎಂಬ ಎರಡು ಸಾಲು ಬರೆದು ವೈಪರಿನ ಕೆಳಗೆ ಸಿಕ್ಕಿಸಿ, ಠಾಣೆಗೂ ಒಂದು ಮಾತು ಹೇಳಬೇಕು. ಚೀಟಿಯಲ್ಲಿ ಹೆಸರೇ ಇಲ್ಲದೆ "ತಪ್ಪಾಯಿತು, ಕ್ಷಮಿಸಿ" ಎಂದು ಬರೆಯುವ ಸೌಜನ್ಯವಂತರೂ ಇರುತ್ತಾರೆ. ಅವರಿಗಿಂತ ಕಾಕಾ ವಾಸಿ, ಅವರು ಕಾಗದವನ್ನಾದರೂ ಕೆಡಿಸುವುದಿಲ್ಲ. ಇದೆಲ್ಲ ನಡೆಯುವಾಗ ಕಾಕಾ ಪಕ್ಕದಲ್ಲೇ ನಿಂತು "ಇಷ್ಟ್ಯಾಕ ತಮ್ಮಾ, ನೀ ಹೊಂಡು" ಎನ್ನುತ್ತಲೇ ಇರುತ್ತಾರೆ.

ಅವರನ್ನು ಸುಮ್ಮನಾಗಿಸಲು ಜಗಳ ಬೇಕಿಲ್ಲ. ಮಾಲೀಕ ಬಂದು, ಗ್ಯಾರೇಜಿನವನ ಅಂದಾಜು ಕೇಳಿ, ಇಷ್ಟು ಕೊಡುವುದು ಇಷ್ಟಕ್ಕೆ ಮುಗಿಯಿತು ಎಂದು ಇಬ್ಬರೂ ಒಪ್ಪಿದ ಮೇಲೆ ಅದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಲಿ. ಕೆಳಗೆ 'ಸಾಕ್ಷಿ' ಎಂದು ಬರೆದು ಪೆನ್ನನ್ನು ಕಾಕಾ ಅವರ ಕೈಗೆ ಕೊಡಿ. ಎಲ್ಲ ನೋಡಿದವರು ಅವರೇ ಅಲ್ಲವೇ? ಹತ್ತು ಮಾರು ದೂರದಿಂದ ನಾಲ್ಕು ಬೆರಳಿನ ಜಾಗ ಅಳೆದಿದ್ದ ಕಣ್ಣಿಗೆ ಥಟ್ಟನೆ ಪೊರೆ ಬರುತ್ತದೆ. "ನನ್ನ ಚಾಳೀಸ ಮನ್ಯಾಗ ಉಳದೈತಿ ತಮ್ಮಾ." ಓದಿ ಹೇಳುತ್ತೇವೆ ಎಂದರೆ, "ಎಮ್ಮಿಗೆ ನೀರ ಕುಡಸೂದೈತಿ." ಟವೆಲ್ ಹೆಗಲೇರುತ್ತದೆ. ಸಹಿಗೆ ಆಮೇಲೆ ಚಾದಂಗಡಿಯವನನ್ನೇ ಕರೆಯಬೇಕಾಗುತ್ತದೆ. ಗಾಡಿ ಹಿಂದಕ್ಕೆ ಬರುವಾಗ ಅವನು ಬಾಯಿ ಬಿಡದೆ ಚಹಾ ಸೋಸುತ್ತಿದ್ದವನು, ಆದ್ದರಿಂದ ಎಲ್ಲವನ್ನೂ ಸರಿಯಾಗಿ ನೋಡಿರುತ್ತಾನೆ.